ಅಪರೂಪದ ಬಳ್ಳಿ ಗುರುತಿಸಬೇಕೇ? ಹೂಗೊಂಚಲಿನ ಗೆಣ್ಣು ನೋಡಿ

ಅವರೆ, ಬಟಾಣಿಗಳ ಕುಟುಂಬದಲ್ಲಿ ಸುಮಾರು 20,000 ಜಾತಿಯ ಗಿಡಗಳಿವೆ. ಅಷ್ಟರಲ್ಲಿ ಒಂದು ಅಪರೂಪದ ಬಳ್ಳಿಯ ಹೆಸರು ಪತ್ತೆ ಮಾಡುವುದು ಹೇಗೆ? ಆಸ್ಟ್ರೇಲಿಯಾದ ‘ನೇಟಿವ್ ವಿಸ್ಟೇರಿಯಾ’ವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕ್ವೀನ್ಸ್‌ಲೆಂಡ್‌ನ ಆಗ್ನೇಯ ಭಾಗ ಮತ್ತು ನ್ಯೂ ಸೌತ್ ವೇಲ್ಸ್‌ನ ಈಶಾನ್ಯ ಮೂಲೆಯ ಮಳೆಕಾಡುಗಳಲ್ಲಿ ಬೆಳೆಯುವ, ನೇರಳೆ ಹೂವಿನ ದೊಡ್ಡ ಬಳ್ಳಿ ಇದು.

ಮೊದಲು ಎಲೆ. ದಿಂಡಿನ ಎರಡೂ ಕಡೆ ಕಿರುಎಲೆಗಳು, ತುದಿಗೊಂದು ಒಂಟಿ ಎಲೆ ಇದೆಯೇ ನೋಡಿ. ಮೂರೇ ಕಿರುಎಲೆ ಇದ್ದರೆ ಅದು ಬೇರೆ ಬಳ್ಳಿ, ನಸುಗುನ್ನಿಯ ಬಳಗದ್ದೂ ಇರಬಹುದು. ಆಗ ಕಾಯಿ ಮುಟ್ಟಬೇಡಿ, ಅದರ ರೋಮ ತಾಗಿದರೆ ವಿಪರೀತ ತುರಿಕೆ.

ಆಮೇಲೆ ಒಂದು ಹೂವು ಬಿಡಿಸಿ. ಮೇಲೆ ಅಗಲವಾದ ಒಂದು ಎಸಳು, ಪಕ್ಕಕ್ಕೆ ಎರಡು, ಕೆಳಗೆ ದೋಣಿಯಂತೆ ಕೂಡಿಕೊಂಡ ಎರಡು. ಒಳಗೆ ಹತ್ತು ಕೇಸರ: ಒಂಬತ್ತು ಬುಡದಲ್ಲಿ ಅಂಟಿಕೊಂಡಿವೆ, ಒಂದು ಬಿಡಿ. ಇಷ್ಟು ಸಿಕ್ಕರೆ ಉಪಕುಟುಂಬ ಪ್ಯಾಪಿಲಿಯೊನಾಯ್ಡಿಯೇ. 2017ರ ವರ್ಗೀಕರಣದ ಆರು ಉಪಕುಟುಂಬಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು.

ಮುಂದಿನ ಹೆಜ್ಜೆಗೆ ಭೂತಗನ್ನಡಿ ಬೇಕು. ನನ್ನ ಪ್ರಕಾರ ನಿಜವಾದ ಕೆಲಸ ಇಲ್ಲೇ ಇರುವುದು. ಗೊಂಚಲಿನ ದಂಟಿನಲ್ಲಿ ಒಂದೊಂದು ಗೆಣ್ಣನ್ನೂ ನೋಡುತ್ತಾ ಹೋಗಿ. ಒಂದೇ ಗೆಣ್ಣಿನಿಂದ ಎರಡು ಮೂರು ಹೂವು ಗುಂಪಾಗಿ ಹೊರಟಿದ್ದರೆ ಇದೇ ಉಪಕುಟುಂಬದ ಮಿಲೆಟಿಯಾ ಎಂಬ ಕುಲದ ಕಡೆಯದು. ಗೆಣ್ಣಿಗೆ ಒಂದೇ ಹೂವಿದ್ದರೆ ವಿಸ್ಟೇರಿಯಾ ಬಳಗದ್ದು. ಹೂವು ಉದುರಿದ್ದರೂ ಚಿಂತೆಯಿಲ್ಲ, ತೊಟ್ಟಿನ ಗುರುತು ಉಳಿದಿರುತ್ತದೆ. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಅದಕ್ಕೇ ಎಷ್ಟೋ ಬಳ್ಳಿಗಳ ಹೆಸರು ಅದಲುಬದಲಾಗಿದ್ದು.

ನಮ್ಮ ಬಳ್ಳಿಯದೂ ಅದೇ ಕಥೆ. 1858ರಲ್ಲಿ ಸಸ್ಯವಿಜ್ಞಾನಿ ಫರ್ಡಿನಾಂಡ್ ಮ್ಯುಲರ್ ಇದನ್ನು ವಿಸ್ಟೇರಿಯಾ ಎಂದು ವಿವರಿಸಿದರು. ನಂತರ ಮಿಲೆಟಿಯಾಕ್ಕೆ ಹೋಯಿತು, 1994ರಲ್ಲಿ ಕ್ಯಾಲೇರಿಯಾ ಆಯಿತು. 2019ರಲ್ಲಿ ಡಿಎನ್‌ಎ ಆಧಾರವೂ ಸೇರಿ ಆಸ್ಟ್ರೊಕ್ಯಾಲೇರಿಯಾ ಮೆಗಾಸ್ಪರ್ಮಾ ಎಂದಾಯಿತು. ಹರ್ಬೇರಿಯಂನ (ಒಣಗಿಸಿದ ಗಿಡಗಳ ಸಂಗ್ರಹದ) ಹಳೇ ಹಾಳೆಗಳಲ್ಲಿ ಹುಡುಕುವಾಗ ನಾಲ್ಕೂ ಹೆಸರಲ್ಲಿ ಹುಡುಕಿ, ಇಲ್ಲದಿದ್ದರೆ ಅರ್ಧ ದಾಖಲೆ ಕೈತಪ್ಪುತ್ತದೆ.

ಕಾಯಿ ಸಿಕ್ಕರೆ ಇನ್ನೂ ಒಳ್ಳೆಯದು. ಇದರದು ಗಟ್ಟಿ ಕಾಯಿ, ಮೇಲೆ ಮಖಮಲ್ಲಿನಂಥ ನವಿರು, ಒಳಗೆ ದೊಡ್ಡ ಬೀಜ. ಸುಮ್ನೆ ರುಚಿ ನೋಡಲು ಹೋಗಬೇಡಿ.

ಅಪರೂಪದ ಬಳ್ಳಿ ಅಲ್ವಾ, ಬುಡಕ್ಕೆ ಕೈ ಹಾಕಬೇಡಿ. ಫೋಟೊ ಜಾಸ್ತಿ ತೆಗೆಯಿರಿ: ಎಲೆಯ ಎರಡೂ ಮುಖ, ಗೆಣ್ಣು, ತೊಗಟೆ. ಒಂದು ಸಣ್ಣ ರೆಂಬೆ ಬೇಕೇ ಬೇಕೆಂದರೆ ಅನುಮತಿ ಪಡೆದು ಕತ್ತರಿಸಿ. ಹೂವೂ ಕಾಯಿಯೂ ಇಲ್ಲದಿದ್ದರೆ ಕುಟುಂಬದ ಹೆಸರಷ್ಟೇ ಬರೆದಿಟ್ಟು, ಹೂ ಬಿಡುವ ಕಾಲಕ್ಕೆ ಮತ್ತೆ ಹೋಗಿ.