ನವ್‌ಶಾಪೆಲ್‌: ಕಾಲುವೆಗಳ ಜಾಡಿನಲ್ಲಿ ಒಂದು ಹಳ್ಳಿ

ಉತ್ತರ ಫ್ರಾನ್ಸಿನ ಪಾ-ದ-ಕಲೆ ಜಿಲ್ಲೆಯ ನವ್‌ಶಾಪೆಲ್ ಎಂಬ ಪುಟ್ಟ ಹಳ್ಳಿಯ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಮೊದಲ ಮಹಾಯುದ್ಧದ ಕಾರಣಕ್ಕೆ. 1915ರ ಮಾರ್ಚ್ 10ರಿಂದ 13ರವರೆಗೆ ಅಲ್ಲಿ ನಡೆದ ಕದನದಲ್ಲಿ, ಜರ್ಮನ್ನರ ಮೇಲೆ ದಾಳಿಗಿಳಿದ ಬ್ರಿಟಿಷ್ ಪಡೆಯ ಸೈನಿಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಭಾರತೀಯ ಸೇನಾದಳದವರು. ಆದರೆ ಓದುತ್ತ ಹೋದಂತೆ ನನ್ನನ್ನು ಕಾಡಿದ್ದು ಬೇರೆಯೇ ಪ್ರಶ್ನೆ: ತೋಪುಗಳು ಬರುವುದಕ್ಕೆ ಮೊದಲು ಆ ನೆಲದಲ್ಲಿ ಯಾರು ಏನು ಉಳುತ್ತಿದ್ದರು? ಇದಕ್ಕೆ ಉತ್ತರ ಹುಡುಕಲು ನಾನು ಕದನದ ಕಥನಗಳನ್ನು ಬದಿಗಿಟ್ಟು ನಕ್ಷೆಗಳನ್ನು ಹಿಡಿದು ಕುಳಿತೆ.

ಮೊದಲು ತೆರೆದದ್ದು ಹದಿನೆಂಟನೆಯ ಶತಮಾನದಲ್ಲಿ ಕಾಸಿನಿ ಮನೆತನದವರು ಮಾಡಿದ ಫ್ರಾನ್ಸಿನ ನಕ್ಷೆ, ಅಂದರೆ ಕಾಸಿನಿ ನಕ್ಷೆ. 1:86,400 ಪ್ರಮಾಣದ ಈ ನಕ್ಷೆಯಲ್ಲಿ ಚರ್ಚು, ಗಾಳಿಗಿರಣಿ, ಕಾಡು, ಹೊಳೆಗಳು ಕಾಣುತ್ತವೆಯೇ ಹೊರತು ಹೊಲಗಳ ಗಡಿಗಳು ಕಾಣುವುದಿಲ್ಲ. ಹೊಲಗಳನ್ನು ನೋಡಬೇಕೆಂದರೆ ನೆಪೋಲಿಯನ್ 1807ರಲ್ಲಿ ಕಾನೂನು ಮಾಡಿ ಆರಂಭಿಸಿದ ಭೂಮಾಪನದ ಹಾಳೆಗಳಿಗೇ ಬರಬೇಕು. ಪ್ರತಿ ತುಂಡು ನೆಲಕ್ಕೂ ಒಂದು ಸಂಖ್ಯೆ, ಜೊತೆಗಿರುವ ಪುಸ್ತಕದಲ್ಲಿ ಆ ಸಂಖ್ಯೆಯ ಎದುರು ಒಡೆಯನ ಹೆಸರು, ವಿಸ್ತೀರ್ಣ, ಉಳುಮೆಯ ನೆಲವೋ ಹುಲ್ಲುಗಾವಲೋ ಮನೆಯಂಗಳವೋ ಎಂಬ ವಿವರ. ಪಹಣಿ ಓದಿ ಬಲ್ಲವರಿಗೆ ಇದು ಹೊಸದೆನಿಸದು. ನಾನು ಹುಲ್ಲುಗಾವಲಿಗೆ ಹಸಿರು, ಉಳುಮೆಯ ನೆಲಕ್ಕೆ ಕಂದು ಬಣ್ಣ ಹಚ್ಚುತ್ತ ಹೋದೆ. ಇಷ್ಟು ಬೇಸರದ ಕೆಲಸ ಇನ್ನೊಂದಿಲ್ಲ, ಇಷ್ಟು ಕಲಿಸುವ ಕೆಲಸವೂ ಇನ್ನೊಂದಿಲ್ಲ.

ಇದು ಲೀಸ್ ನದಿಯ ಬಯಲು. ನೆಲ ಸಮುದ್ರಮಟ್ಟದಿಂದ ಇಪ್ಪತ್ತು ಮೀಟರಿನ ಆಸುಪಾಸಿನ ಎತ್ತರದಲ್ಲಿದೆ, ಮಣ್ಣು ಭಾರವಾದ ಜೇಡಿ, ಅಂತರ್ಜಲ ಅಂಗೈಯಷ್ಟೇ ದೂರ. ಪೂರ್ವದಲ್ಲಿರುವ ಓಬೇರ್ ದಿಬ್ಬವನ್ನು ನಮ್ಮ ಕಡೆಯವರು ದಿಬ್ಬವೆಂದು ಒಪ್ಪುವುದೂ ಅನುಮಾನ. ಬಯಲಿಗಿಂತ ಹತ್ತು-ಹದಿನೈದು ಮೀಟರ್ ಮೇಲಿದ್ದರೆ ಹೆಚ್ಚು. ಇಂತಹ ನೆಲದಲ್ಲಿ ನೀರು ಬಸಿಯದಿದ್ದರೆ ಗೋಧಿಯೂ ಇಲ್ಲ, ಬೀಟ್‌ರೂಟೂ ಇಲ್ಲ. ಆದ್ದರಿಂದಲೇ ಹೊಲಹೊಲದ ನಡುವೆ ಬಸಿಗಾಲುವೆಗಳಿವೆ. ಅವುಗಳ ದಂಡೆಯಲ್ಲಿ ತಲೆ ಕಡಿದು ಮೋಟಾಗಿಸಿದ ವಿಲೋ ಮರಗಳ ಸಾಲು ಈ ಬಯಲಿನ ಹಳೆಯ ಚಹರೆ. ಈ ಕಾಲುವೆಗಳ ನೀರನ್ನು ಹೊತ್ತೊಯ್ಯುವ ಹಳ್ಳಗಳಲ್ಲಿ ಹಳ್ಳಿಯ ಪೂರ್ವಕ್ಕಿರುವ ‘ಲೇ’ ಎಂಬುದೂ ಒಂದು.

ನೀರಿನ ಈ ಲೆಕ್ಕ ಅರ್ಥವಾದ ಮೇಲೆ ಯುದ್ಧದ ನಕ್ಷೆಗಳೂ ಬೇರೆಯಾಗಿ ಕಾಣತೊಡಗಿದವು. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಬ್ರಿಟಿಷ್ ಕಂದಕ ನಕ್ಷೆಗಳನ್ನು, ಅಂದರೆ ಸೈನಿಕರ ಕಂದಕಗಳನ್ನು ಗುರುತಿಸಿದ ನಕ್ಷೆಗಳನ್ನು, ಎಲ್ಲರಿಗೂ ತೆರೆದಿಟ್ಟಿದೆ. ಅವುಗಳನ್ನು ಭೂಮಾಪನದ ಹಾಳೆಯ ಮೇಲೆ ಹೊಂದಿಸುವಾಗ ನಾನು ಮಾಡಿದ ಪೆದ್ದುತನವನ್ನೂ ಹೇಳಬೇಕು. ಕಂದಕ ನಕ್ಷೆಯಲ್ಲಿದ್ದ ‘ಪೋರ್ಟ್ ಆರ್ಥರ್’ ಒಂದು ಹಳೆಯ ಒಕ್ಕಲಿನ ಹೆಸರೆಂದು ನಂಬಿ ಕಾಸಿನಿ ನಕ್ಷೆಯಲ್ಲಿ ಎರಡು ಸಂಜೆ ಹುಡುಕಿದೆ. ಅದು ಲಾ ಬೊಂಬ್ ಎಂಬ ನಾಲ್ಕುದಾರಿಗೆ ಬ್ರಿಟಿಷ್ ಸೈನಿಕರು ಇಟ್ಟುಕೊಂಡ ಅಡ್ಡಹೆಸರು. ಅಂದಿನಿಂದ ಹೆಸರುಗಳನ್ನು ಬಿಟ್ಟು ಹಳ್ಳ, ಕಾಲುವೆಗಳ ತಿರುವುಗಳನ್ನೇ ಹೊಂದಿಸುವ ಗುರುತುಗಳಾಗಿ ಇಟ್ಟುಕೊಂಡೆ.

ರೈತನಿಗೆ ತೊಡಕಾಗಿದ್ದ ನೀರು ಸೈನಿಕನಿಗೂ ತೊಡಕಾಯಿತು. ಚಳಿಗಾಲದಲ್ಲಿ ಸ್ವಲ್ಪ ಅಗೆದರೆ ಕಂದಕದಲ್ಲಿ ನೀರು ನಿಲ್ಲುತ್ತಿದ್ದುದರಿಂದ ಇಲ್ಲಿ ಮಣ್ಣು ಮತ್ತು ಮರಳುಚೀಲಗಳನ್ನು ನೆಲದ ಮೇಲೆ ಪೇರಿಸಿ ಎದೆಗೋಡೆ ಕಟ್ಟಬೇಕಾಗಿತ್ತು. ಮಾರ್ಚ್ 10ರ ಬೆಳಗ್ಗೆ 35 ನಿಮಿಷಗಳ ತೋಪಿನ ದಾಳಿಯ ನಂತರ ಹಳ್ಳಿ ಬೇಗನೆ ಕೈವಶವಾಯಿತಾದರೂ, ಮುಂದೆ ಲೇ ಹಳ್ಳದ ಸೇತುವೆಯ ಬಳಿಯ ಜರ್ಮನ್ ನೆಲೆ ದಾಳಿಯನ್ನು ತಡೆಯಿತು. ಹೊಲದ ನೀರು ಬಸಿಯುವ ಹಳ್ಳವೊಂದು ಹೀಗೆ ಕದನದ ಚರಿತ್ರೆಯನ್ನು ಸೇರಿತು.

1918ರ ಏಪ್ರಿಲ್ 9ರಂದು ಜರ್ಮನ್ನರು ಮತ್ತೆ ನುಗ್ಗಿದಾಗ ಈ ಭಾಗವನ್ನು ಕಾಯುತ್ತಿದ್ದವರು ಪೋರ್ಚುಗೀಸರು. ಯುದ್ಧ ಮುಗಿಯುವ ಹೊತ್ತಿಗೆ ಹಳ್ಳಿ ಇಟ್ಟಿಗೆಚೂರುಗಳ ರಾಶಿ. ಹಾಳುಬಿದ್ದ ಊರಿನಲ್ಲಿ ಕಾಲುಗಳನ್ನು ಕಳೆದುಕೊಂಡೂ ಉಳಿದಿದ್ದ ದಾರಿಬದಿಯ ಕ್ರಿಸ್ತನ ಪ್ರತಿಮೆಯನ್ನು 1958ರಲ್ಲಿ ಪೋರ್ಚುಗಲ್‌ಗೆ ಕೊಡಲಾಯಿತು. ಈಗ ಅದು ಬತಾಲ್ಯ ಮಠದಲ್ಲಿದೆ. ಮನೆ, ದನ, ಉಪಕರಣಗಳ ನಷ್ಟಕ್ಕೆ ಪರಿಹಾರ ಒದಗಿಸಿದ್ದು 1919ರ ಏಪ್ರಿಲ್ 17ರ ಕಾನೂನು. ಅದರ ಅಡಿಯಲ್ಲಿ ಸಲ್ಲಿಕೆಯಾದ ಅರ್ಜಿಗಳ ಕಡತಗಳು ಅಲ್ಲಿನ ಹಳ್ಳಿಯೊಂದರ ಒಕ್ಕಲುತನವನ್ನು ಅರಿಯಲು ಯಾವ ಸೇನಾ ವರದಿಗಿಂತಲೂ ಹೆಚ್ಚು ಉಪಯುಕ್ತ. ಜಿಲ್ಲಾಕೇಂದ್ರ ಅರಾಸ್‌ನಲ್ಲಿದ್ದ ಜಿಲ್ಲಾ ದಾಖಲೆಗಳಲ್ಲಿ ಬಹಳಷ್ಟು 1915ರ ಜುಲೈನಲ್ಲಿ ಬೆಂಕಿಗೆ ಆಹುತಿಯಾದ್ದರಿಂದ ಈ ಕಡತಗಳ ಬೆಲೆ ಇನ್ನೂ ಹೆಚ್ಚು.

ಕೊನೆಗೆ ಇಂದಿನ ಗಡಿಗಳನ್ನು ಎಳೆದಾಗ ಇನ್ನೊಂದು ಸಂಗತಿ ತಿಳಿಯಿತು. ಹರ್ಬರ್ಟ್ ಬೇಕರ್ ವಿನ್ಯಾಸದ, 1927ರ ಅಕ್ಟೋಬರ್ 7ರಂದು ಅನಾವರಣಗೊಂಡ, ಸಮಾಧಿಯೂ ಸಿಗದ 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಹೊತ್ತ ‘ನವ್‌ಶಾಪೆಲ್ ಸ್ಮಾರಕ’ ನಿಂತಿರುವುದು ನೆರೆಯ ರಿಶ್‌ಬೂರ್ ಗ್ರಾಮದ ನೆಲದಲ್ಲಿ, ನಾನು ಎರಡು ಸಂಜೆ ಹುಡುಕಿದ್ದ ಅದೇ ಲಾ ಬೊಂಬ್ ನಾಲ್ಕುದಾರಿಯಲ್ಲಿ.