ಮನೆ ಮೇಲೆ ಲೈಟ್ನಿಂಗ್ ಅರೆಸ್ಟರ್ ಬೇಕಾ? ಹೀಗೆ ಲೆಕ್ಕ ಹಾಕಿ

ಪಕ್ಕದ ತೋಟದ ತೆಂಗಿನ ಮರಕ್ಕೆ ಸಿಡಿಲು ಬಡಿದರೆ ಸಾಕು, ಮಾರನೇ ದಿನವೇ ಅರೆಸ್ಟರ್ ರೇಟು ಕೇಳಿ ಅಂಗಡಿಗೆ ಫೋನ್ ಹೋಗುತ್ತದೆ. ಸ್ವಲ್ಪ ತಡೆಯಿರಿ. ಎಷ್ಟೋ ಮನೆಗಳಿಗೆ ಅದು ಬೇಕಾಗಿಲ್ಲ, ಬೇಕಾಗಿರುವುದು ಬೇರೆಯೇ.

ಮೊದಲು ಮನೆ ಎಂಥ ಜಾಗದಲ್ಲಿದೆ ನೋಡಿ. ಮನೆಯ ಎತ್ತರದ ಮೂರರಷ್ಟು ದೂರ ಸುತ್ತಲೂ ಸೇರಿಸಿದರೆ ಎಷ್ಟು ಜಾಗ ಬರುತ್ತದೋ, ಅಲ್ಲಿ ಬೀಳುವ ಸಿಡಿಲನ್ನು ಮನೆ ತನ್ನತ್ತ ಎಳೆದುಕೊಳ್ಳಬಹುದು ಅನ್ನುವುದು ಸಿಡಿಲು ರಕ್ಷಣೆಯ ಐಎಸ್/ಐಇಸಿ 62305 ಮಾನದಂಡದ ಲೆಕ್ಕ. 30-40 ಸೈಟನ್ನು ತುಂಬಿಸಿ ಕಟ್ಟಿದ, 25 ಅಡಿ ಎತ್ತರದ ಮನೆಗೆ ಅದು ಸುಮಾರು 27 ಗುಂಟೆ. ನಿಮ್ಮ ಊರಲ್ಲಿ ಒಂದು ಚದರ ಕಿಲೋಮೀಟರಿಗೆ ವರ್ಷಕ್ಕೆ 5 ಸಿಡಿಲು ಬೀಳುತ್ತದೆ ಅಂತ ಇಟ್ಟುಕೊಳ್ಳೋಣ. ಬಯಲಲ್ಲಿ ಒಂಟಿಯಾಗಿರುವ ಮನೆಗೆ ಸರಾಸರಿ 73 ವರ್ಷಕ್ಕೊಮ್ಮೆ ಹೊಡೆತ. ಅದೇ ಮನೆ ಗುಡ್ಡದ ನೆತ್ತಿಯಲ್ಲಿದ್ದರೆ 37 ವರ್ಷಕ್ಕೊಮ್ಮೆ, ಸುತ್ತ ಎತ್ತರದ ಕಟ್ಟಡಗಳಿದ್ದರೆ ಸುಮಾರು 300 ವರ್ಷಕ್ಕೊಮ್ಮೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನಡುವೆ ಎರಡಂತಸ್ತಿನ ಮನೆ ಇರುವವರು ರಾಡ್ (ಅಂದರೆ ಅರೆಸ್ಟರ್) ಮಾತು ಇಲ್ಲಿಗೇ ಬಿಡಬಹುದು. ಸಕಲೇಶಪುರದ ಗುಡ್ಡದ ಮೇಲೆ ಮನೆ ಇದ್ದರೆ ಮುಂದೆ ಓದಿ. ಮನೆ ಪಕ್ಕ ತೆಂಗಿನ ಮರ ಇದೆ, ಅದೇ ಕಾಯುತ್ತೆ ಅಂತೀರಾ? ಮರಕ್ಕೆ ಬಡಿದ ಸಿಡಿಲು ಅಲ್ಲಿಂದ ಗೋಡೆಗೂ ಹಾರಬಹುದು.

ಎರಡನೆಯದು ಅರ್ಥಿಂಗ್ ಮತ್ತು ಸರ್ಜ್ ಪ್ರೊಟೆಕ್ಟರ್. ಇದು ಬಹುಪಾಲು ಎಲ್ಲರಿಗೂ ಬೇಕು. ಟಿವಿ, ರೌಟರ್, ಪಂಪ್‌ಸೆಟ್ ಸುಡುವುದು ಹೆಚ್ಚಾಗಿ ಚಾವಣಿಗೆ ಬಡಿದ ಸಿಡಿಲಿನಿಂದಲ್ಲ. ದೂರದಲ್ಲೆಲ್ಲೋ ಲೈನಿಗೆ ಬಡಿದದ್ದು ತಂತಿಯಲ್ಲಿ ಹರಿದು ಬರುತ್ತದೆ. ಮೇಲೆ ರಾಡ್ ಮಾತ್ರ ಇದ್ದರೆ ಇದನ್ನು ತಡೆಯುವುದಿಲ್ಲ. ಎಂಸಿಬಿಯೂ ತಡೆಯುವುದಿಲ್ಲ, ಅದು ಟ್ರಿಪ್ ಆಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಮೇನ್ ಬೋರ್ಡಿನಲ್ಲಿ ಟೈಪ್ 2 ಎಸ್‌ಪಿಡಿ (ಸರ್ಜ್ ಪ್ರೊಟೆಕ್ಟರಿನ ಇನ್ನೊಂದು ಹೆಸರು) ಹಾಕಿಸಿ, ರಾಡ್ ಇರುವ ಮನೆಗಾದರೆ ನೇರ ಹೊಡೆತದ ಕರೆಂಟನ್ನೂ ತಾಳುವ ಟೈಪ್ 1 ಬೇಕು. ಅದಕ್ಕೆ ಹೋಗುವ ವೈರ್ ಒಟ್ಟು ಅರ್ಧ ಮೀಟರ್ ಮೀರಬಾರದು, ಉದ್ದವಾದಷ್ಟೂ ಉಪಯೋಗ ಕಡಿಮೆ. ಎಲೆಕ್ಟ್ರಿಷಿಯನ್ ಚೆನ್ನಾಗಿ ಕಾಣಲಿ ಅಂತ ಸುತ್ತಿಸಿ ಎಳೆಯುತ್ತಾನೆ, ಪಕ್ಕದಲ್ಲೇ ನಿಂತು ನೋಡಿ.

ಇನ್ನು ರಾಡ್. ಮೇಲಿನ ಕಡ್ಡಿ ಒಂದು ಭಾಗ ಅಷ್ಟೇ. ಕೆಳಗಿಳಿಯುವ ಪಟ್ಟಿ ಕನಿಷ್ಠ ಎರಡು ಕಡೆ ಇರಬೇಕು, ಆದಷ್ಟು ನೇರವಾಗಿ ಇಳಿಯಬೇಕು, ನೆಲದಲ್ಲಿ ಅರ್ಥಿಂಗ್ 10 ಓಮ್‌ಗಿಂತ ಕಡಿಮೆ ಬರಬೇಕು. ಮುರಕಲ್ಲಿನ ನೆಲದಲ್ಲಿ ಒಂದೇ ಗುಂಡಿಯಿಂದ ಅದು ಸುಲಭಕ್ಕೆ ಬರುವುದಿಲ್ಲ. ಬೇಸಿಗೆಯಲ್ಲಿ, ನೆಲ ಒಣಗಿದಾಗ ಮೀಟರ್ ಇಟ್ಟು ಅಳೆಸಿ. ಸಿಡಿಲಿನ ಅರ್ಥನ್ನು ಮನೆಯ ಅರ್ಥಿನಿಂದ ದೂರ ಇಡಬೇಕು ಅಂತ ಬಹಳ ಜನ ಹೇಳುತ್ತಾರೆ, ಅದು ತಪ್ಪು. ಎರಡನ್ನೂ ಜೋಡಿಸಲೇಬೇಕು. ಇಲ್ಲದಿದ್ದರೆ ಹೊಡೆತ ಬಿದ್ದಾಗ ಎರಡರ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಬಂದು ಕಿಡಿ ಹಾರುತ್ತದೆ.

ಒಂದೇ ರಾಡ್ ಸುತ್ತಲೂ 100 ಮೀಟರ್ ದೂರದವರೆಗೆ ಕಾಯುತ್ತೆ ಅಂತ ಯಾರಾದರೂ ಮಾರಲು ಬಂದರೆ ಚಹಾ ಕೊಟ್ಟು ಕಳಿಸಿ. ಮೇಲೆ ಹೇಳಿದ ಮಾನದಂಡ ರಾಡಿನ ನಿಜವಾದ ಎತ್ತರವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಎಲ್ಲ ಹಾಕಿಸಿದ ಮೇಲೂ ಗುಡುಗು ಹತ್ತಿರ ಬಂದಾಗ ಟಿವಿ, ರೌಟರ್ ಪ್ಲಗ್ ಕಿತ್ತಿಡಿ, ಸುಮ್ನೆ ಸ್ವಿಚ್ ಆಫ್ ಮಾಡಿದರೆ ಸಾಲದು. ಎಸ್‌ಪಿಡಿಯ ಹಸಿರು ಕಿಟಕಿ ಕೆಂಪಾಗಿದ್ದರೆ ಅದರ ಆಯಸ್ಸು ಮುಗಿದಿದೆ, ಬದಲಿಸಿ. ತೋಟದಲ್ಲಿ ಕೆಲಸ ಮಾಡುವವರಿಗೆ ಮನೆ ಮೇಲಿನ ರಾಡ್‌ನಿಂದ ಏನೂ ಪ್ರಯೋಜನವಿಲ್ಲ. ಅವರ ಫೋನಿಗೆ ಸಿಡಿಲಿನ ಎಚ್ಚರಿಕೆ ಕೊಡುವ ದಾಮಿನಿ ಅಥವಾ ನಮ್ಮ ರಾಜ್ಯದ ಸಿಡಿಲು ಆಪ್ ಹಾಕಿಕೊಡಿ.