ಮೊದಲು ಬಚ್ಚಲುಮನೆ, ಆಮೇಲೆ ಸೋಲಾರ್ ಪ್ಯಾನೆಲ್

ಕರೆಂಟ್ ಉಳಿಸಬೇಕು ಅಂದ ಕೂಡಲೇ ಎಲ್ಲರೂ ಸೋಲಾರ್ ಪ್ಯಾನೆಲ್ ರೇಟು ವಿಚಾರಿಸುತ್ತಾರೆ. ಹಾಸನ, ಚಿಕ್ಕಮಗಳೂರು ಕಡೆಯ ಹಳೇ ಮನೆಗಳಿಗೆ ನಾನು ಹೇಳುವುದು ಬೇರೆ: ಬಚ್ಚಲುಮನೆಯಿಂದ ಶುರು ಮಾಡಿ. ನಮಗೆ ಎಸಿ ಇಲ್ಲದೆ ನಡೆಯುತ್ತದೆ, ಬಿಸಿನೀರಿಲ್ಲದೆ ನಡೆಯಲ್ಲ, ಅಲ್ವಾ?

20 ಲೀಟರ್ ನೀರನ್ನು 25 ಡಿಗ್ರಿ ಜಾಸ್ತಿ ಬಿಸಿ ಮಾಡಲು ಸುಮಾರು 0.6 ಯೂನಿಟ್ ಬೇಕು. ನಾಲ್ಕು ಜನರ ಮನೆಯಲ್ಲಿ ತಲೆಗೊಂದು ಬಕೆಟ್ ಅಂದರೂ ತಿಂಗಳಿಗೆ 70 ಯೂನಿಟ್ ಹತ್ತಿರ ಹೋಯಿತು. ಗೃಹಜ್ಯೋತಿ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ಅದರಲ್ಲಿ ಎಲ್ಲರಿಗೂ 200 ಯೂನಿಟ್ ಸಿಗುವುದಿಲ್ಲ, ಹಿಂದಿನ ಸರಾಸರಿ ಬಳಕೆ ನೋಡಿ ಮಿತಿ ಹಾಕಿರುತ್ತಾರೆ. 200 ದಾಟಿದ ತಿಂಗಳಂತೂ ಪೂರ್ತಿ ಬಿಲ್ ನಿಮ್ಮ ತಲೆಗೇ.

ಸೋಲಾರ್ ವಾಟರ್ ಹೀಟರ್ ತೆಗೆದುಕೊಳ್ಳುವಾಗ ನಿಮ್ಮೂರಿನ ನೀರು ನೋಡಿ. ಅರಸೀಕೆರೆ, ಕಡೂರು ಕಡೆ ಬೋರ್‌ವೆಲ್ ನೀರು ಗಡಸು. ತಾಮ್ರದ ಪೈಪಿನ ಫ್ಲಾಟ್ ಪ್ಲೇಟ್ ಮಾದರಿ ಹಾಕಿದರೆ ಒಳಗೆ ಸುಣ್ಣ ಕಟ್ಟಿಕೊಳ್ಳುತ್ತದೆ, ಅಲ್ಲಿಗೆ ಗಾಜಿನ ಟ್ಯೂಬಿನದ್ದೇ ವಾಸಿ. ಸಕಲೇಶಪುರ, ಮೂಡಿಗೆರೆ ಕಡೆ ಕಥೆಯೇ ಉಲ್ಟಾ. ನೀರು ಮೆದು, ಆದರೆ ಮಂಗಗಳ ಕಾಟ! ಟ್ಯೂಬಿನ ಮೇಲೆ ಅವು ಕುಣಿದರೆ ಉಳಿಯುತ್ತದೆಯೇ? ಅಲ್ಲಿ ಗಟ್ಟಿ ಗಾಜಿನ ಫ್ಲಾಟ್ ಪ್ಲೇಟ್ ಹಾಕಿಸಿ, ಇಲ್ಲವೇ ಮೇಲೊಂದು ಜಾಲರಿ ಬಿಗಿಸಿ. ಟ್ಯಾಂಕಿನಿಂದ ಬಚ್ಚಲಿಗೆ ಬರುವ ಪೈಪಿಗೆ ಕಪ್ಪು ಫೋಮ್ ಹೊದಿಕೆ ಮರೆಯಬೇಡಿ.

ಜೂನ್ ಬಂತೆಂದರೆ ಮಲೆನಾಡಿನಲ್ಲಿ ಬಿಸಿಲೇ ಇಲ್ಲ. ಅದಕ್ಕೇ ಹಂಡೆ ಒಲೆಯನ್ನು ಕಿತ್ತು ಹಾಕಬೇಡಿ, ರಿಪೇರಿ ಮಾಡಿ. ಮೂರೇ ಕೆಲಸ. ಸೌದೆಯ ಕೆಳಗೆ ಕಬ್ಬಿಣದ ಜಾಲರಿ ಇಡಿ, ಅಡಿಯಿಂದ ಗಾಳಿ ಆಡಲಿ. ಹಂಡೆಯ ಸುತ್ತ ಕಂಠದ ಹತ್ತಿರ ಇರುವ ಸಂದಿಗೆ ಮಣ್ಣು ಮೆತ್ತಿ, ಆಗ ಉರಿ ಆ ಸಂದಿಯಿಂದ ಹೊರಗೆ ನುಗ್ಗದೆ ಹಂಡೆಯನ್ನು ಸುತ್ತಿಕೊಂಡು ಹಿಂದಿನ ಹೊಗೆ ಕೊಳವೆಯಿಂದ ಹೋಗುತ್ತದೆ. ಹಂಡೆಗೊಂದು ಮುಚ್ಚಳ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಅಸ್ತ್ರ ಒಲೆಯ ಗುಟ್ಟೂ ಹೆಚ್ಚುಕಡಿಮೆ ಇದೇ: ಗಾಳಿ ಬರಲು ದಾರಿ, ಹೊಗೆ ಹೋಗಲು ದಾರಿ, ನಡುವೆ ಉರಿ ಪಾತ್ರೆಗೆ ತಾಗಬೇಕು. ಕಾಫಿ ಗಿಡ ಸವರಿದ ಕಡ್ಡಿ, ಸಿಲ್ವರ್ ಓಕ್ ಕೊಂಬೆ ಎಲ್ಲವನ್ನೂ ಮೇ ತಿಂಗಳೊಳಗೆ ಒಣಗಿಸಿ ಕೊಟ್ಟಿಗೆಗೆ ಸೇರಿಸಿ. ಹಸಿ ಸೌದೆ ಉರಿದರೆ ಬಿಸಿಯ ಒಂದು ಪಾಲು ಅದರೊಳಗಿನ ನೀರು ಒಣಗಿಸುವುದಕ್ಕೇ ಹೋಗುತ್ತದೆ, ಜೊತೆಗೆ ಕಣ್ಣಿಗೆ ಹೊಗೆ.

ದನ ಇದ್ದರೆ ಗೋಬರ್ ಗ್ಯಾಸ್. ಒಂದು ಘನ ಮೀಟರ್ ಗ್ಯಾಸಿಗೆ ದಿನಕ್ಕೆ ಸುಮಾರು 25 ಕೆಜಿ ಸಗಣಿ ಬೇಕು. ಚಳಿಗಾಲದಲ್ಲಿ ಗ್ಯಾಸ್ ಇಳಿಯುತ್ತದೆ, ಆಗ ಸಗಣಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಕಲಸಿ ಹಾಕಿ.

ಮಾಡಿನ ಸಂದಿಗಳನ್ನೆಲ್ಲ ಮುಚ್ಚಿ ಅನ್ನುವ ಸಲಹೆ ಇಂಟರ್‌ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತದೆ. ಅದು ಮನೆಗೆ ಹೀಟರ್ ಹಾಕುವ ದೇಶದವರಿಗೆ. ಹೆಂಚಿನ ಮನೆಯಲ್ಲಿ ಗಾಳಿ ನಿಲ್ಲಿಸಿದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ ಅಷ್ಟೇ. ಕತ್ತಲೆ ಕೋಣೆಗೆ ನಾಲ್ಕು ಗಾಜಿನ ಹೆಂಚು ಹಾಕಿಸಿ, ಹಗಲು ದೀಪ ಬೇಡ. ಆರ್‌ಸಿಸಿ ಮನೆಯಾದರೆ ಬೇಸಿಗೆಗೆ ಮುಂಚೆ ತಾರಸಿಗೆ ಬಿಳಿ ಸುಣ್ಣ ಬಳಿಯಿರಿ.

ಹಳೇ ಫ್ಯಾನು 75 ವ್ಯಾಟ್ ಆಸುಪಾಸು ಎಳೆಯುತ್ತದೆ, ಕಮ್ಮಿ ಕರೆಂಟಿನ ಮೋಟರ್ ಇರುವ ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು. ಆದರೆ ನಮ್ಮಲ್ಲಿ ಫ್ಯಾನು ಓಡುವುದೇ ಕಮ್ಮಿ, ಎಲ್ಲ ಕೋಣೆಗೂ ಬದಲಾಯಿಸುವ ಅರ್ಜೆಂಟ್ ಇಲ್ಲ. ಫ್ರಿಜ್ ಮಾತ್ರ ದಿನವಿಡೀ ಓಡುತ್ತದೆ. ಒಂದು ಹಾಳೆಯನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದುಬಿಟ್ಟರೆ ರಬ್ಬರ್ ಹೋಗಿದೆ, ಬದಲಾಯಿಸಿ.

ಇಷ್ಟಾದ ಮೇಲೆ ಪ್ಯಾನೆಲ್. ಈಗ ಚಿಕ್ಕದೇ ಸಾಕಾಗುತ್ತದೆ. ಒಂದು ಕಿಲೋವ್ಯಾಟ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಕೊಡಬಹುದು, ಮಲೆನಾಡಿನಲ್ಲಿ ಮಳೆಗಾಲಕ್ಕೆ ಅಷ್ಟು ನಿರೀಕ್ಷೆ ಬೇಡ. ಮರದ ನೆರಳು ಒಂದು ಮೂಲೆಗೆ ಬಿದ್ದರೂ ಉತ್ಪಾದನೆ ಕುಸಿಯುತ್ತದೆ, ಹಾಗಾಗಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಮಾಡು ಹತ್ತಿ ನೋಡಿ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ ಸಬ್ಸಿಡಿ, 3 ಅಥವಾ ಅದಕ್ಕಿಂತ ಜಾಸ್ತಿಯಾದರೆ ಒಟ್ಟು 78,000. ಅರ್ಜಿ ಹಾಕುವಾಗ ಕರೆಂಟ್ ಕಂಪನಿ ಕೇಳಿದಲ್ಲಿ ಹಾಸನದವರು ಸೆಸ್ಕ್, ಚಿಕ್ಕಮಗಳೂರಿನವರು ಮೆಸ್ಕಾಂ ಆರಿಸಿಕೊಳ್ಳಿ. ಕರೆಂಟ್ ಬಿಲ್ ಪಕ್ಕದಲ್ಲೇ ಇರಲಿ, ಅದರ ಮೇಲಿನ ಖಾತೆ ನಂಬರ್ ಕೇಳುತ್ತದೆ.